ಮಳೆ ನೋಡ್ಕೊಂಡು ವಿಮಾನ ಕಟ್ಟೋದು: ಕೊಡಗಲ್ಲಿ ಕೂತು ಸ್ಕೇಲ್ ಮಾಡೆಲ್ ಮಾಡೋರಿಗೆ

"ಪೇಂಟ್ ಹೊಡೆದು ಇಪ್ಪತ್ತು ನಿಮಿಷ ಬಿಡಿ, ಒಣಗುತ್ತೆ" ಅಂತ ವಿಡಿಯೋದಲ್ಲಿ ಯಾರೋ ಹೇಳಿದ್ದನ್ನ ನಂಬ್ಕೊಂಡು ಜುಲೈ ತಿಂಗಳಲ್ಲಿ ಮಡಿಕೇರಿಲಿ ಪ್ಲಾಸ್ಟಿಕ್ ಮಾಡೆಲ್ ವಿಮಾನಕ್ಕೆ ಪೇಂಟ್ ಹೊಡೆದವನು ನಾನು. ಒಗೆದ ಬನಿಯನ್ನೇ ನಾಲ್ಕು ದಿನ ಆದ್ರೂ ಒಣಗದ ಊರಲ್ಲಿ ವಿಮಾನ ಇಪ್ಪತ್ತು ನಿಮಿಷಕ್ಕೆ ಒಣಗುತ್ತಾ? ಕೊನೇಲಿ ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್ ಸ್ಪ್ರೇ ಮಾಡಿದೆ ನೋಡಿ, ಎರಡೇ ನಿಮಿಷದಲ್ಲಿ ಇಡೀ ರೆಕ್ಕೆ ಮೇಲೆ ಬೂಷ್ಟು ಹಿಡಿದ ಹಾಗೆ ಬೆಳ್ಳಗಾಗೋಯ್ತು, ಒಂದೂವರೆ ತಿಂಗಳ ಕೆಲಸ. ಆಮೇಲೆ ಗೊತ್ತಾಗಿದ್ದು ಇದಕ್ಕೆ ಬ್ಲಶಿಂಗ್ ಅಂತಾರೆ ಅಂತ. ಸ್ಪ್ರೇಲಿರೋ ಸಾಲ್ವೆಂಟ್ ಆರುವಾಗ ಮೇಲ್ಮೈ ತಣ್ಣಗಾಗುತ್ತೆ, ಗಾಳಿಲಿರೋ ತೇವ ಅಲ್ಲೇ ಕೂತ್ಕೊಂಡು ವಾರ್ನಿಷ್ ಒಳಗೆ ಸಿಕ್ಕಾಕೊಳ್ಳುತ್ತೆ, ಅದೇ ಆ ಬಿಳಿ ಮಂಜು.

ಅದಕ್ಕೇ ಈ ಗೈಡ್ ಬೇರೆ ಕಡೆ ಇರೋ ಹಾಗೆ ಇಲ್ಲ, ನಮ್ಮ ಕ್ಯಾಲೆಂಡರ್ ಪ್ರಕಾರ ಬರೆದಿದ್ದೀನಿ. ಜೂನಿಂದ ಸೆಪ್ಟೆಂಬರ್ ತನಕ ಕತ್ತರಿಸೋದು, ಅಂಟಿಸೋದು, ಉಜ್ಜೋದು. ಹುತ್ತರಿ ಹಬ್ಬದ (ನವೆಂಬರ್ ಕೊನೆ, ಡಿಸೆಂಬರ್) ಆಸುಪಾಸಿಂದ ಫೆಬ್ರವರಿ ತನಕ ಪೇಂಟು, ಡೆಕಾಲು (ನೀರಲ್ಲಿ ಅದ್ದಿ ಅಂಟಿಸೋ ಗುರುತಿನ ಸ್ಟಿಕ್ಕರ್). ಒಂದು ಮಾಡೆಲ್‌ಗೆ ಆರೇಳು ತಿಂಗಳು ಹಿಡಿಯುತ್ತೆ ಅಂತ ಗಾಬರಿ ಆಗ್ಬೇಡಿ, ಮಳೇಲಿ ಮೂರು ನಾಲ್ಕು ಕಿಟ್ (ಬಿಡಿ ಪಾರ್ಟ್ ತುಂಬಿದ ಮಾಡೆಲ್ ಬಾಕ್ಸ್) ಕಟ್ಟಿ ಸಾಲಾಗಿ ಇಟ್ಕೊಂಡ್ರೆ ಚಳಿಗಾಲಕ್ಕೆ ಒಟ್ಟಿಗೆ ಬಣ್ಣ ಹಚ್ಚಬಹುದು, ಹಣ್ಣಾದಾಗ ಕಾಫಿ ಕೊಯ್ಯೋ ಹಾಗೆ.

ಯಾವ ವಿಮಾನ ಆರಿಸೋದು

ಕೊಡಗಿನವರಿಗೆ ಮೊದಲು ತಲೆಗೆ ಬರೋದು ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರ ಮಿಸ್ಟೇರ್ ಜೆಟ್. 1965ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ, ಸೆಪ್ಟೆಂಬರ್ 7ಕ್ಕೆ ಪಾಕಿಸ್ತಾನದ ಸರ್ಗೋಧಾ ಏರ್‌ಬೇಸ್ ಮೇಲೆ ದಾಳಿಗೆ ಹೋದ ನಮ್ಮ ವಾಯುಪಡೆಯ ನಂಬರ್ 1 ಸ್ಕ್ವಾಡ್ರನ್‌ನಲ್ಲಿ ಅವರು ಸ್ಟ್ಯಾಂಡ್‌ಬೈ ಇದ್ದಿದ್ದು, ಆದ್ರೂ ಹೋದ್ರು, ಶಬ್ದದ ಎರಡು ಪಟ್ಟು ಸ್ಪೀಡಲ್ಲಿ ಹೋಗೋ ಪಾಕಿಸ್ತಾನದ ಎಫ್-104 ಸ್ಟಾರ್‌ಫೈಟರನ್ನ ಅದಕ್ಕಿಂತ ಎಷ್ಟೋ ನಿಧಾನದ ಮಿಸ್ಟೇರಲ್ಲಿ ಹೊಡೆದುರುಳಿಸಿದ್ರು, ವಾಪಸ್ ಬರಲಿಲ್ಲ. ಮಹಾವೀರ ಚಕ್ರ ಸಿಕ್ಕಿದ್ದು 1988ರಲ್ಲಿ, 23 ವರ್ಷ ಆದ್ಮೇಲೆ. ನನಗೂ ಮೊದಲು ಅದನ್ನೇ ಕಟ್ಟೋ ಆಸೆ ಇತ್ತು. ಆದ್ರೆ ಮೊದಲನೇ ಕಿಟ್ ಆಗಿ ಮಿಸ್ಟೇರ್ ಬೇಡ ಅಂತ ನನ್ನ ಅಭಿಪ್ರಾಯ. ಅದು ಸಿಗೋದು ಸಣ್ಣ ಕಂಪನಿಗಳು ಕಡಿಮೆ ಸಂಖ್ಯೆಲಿ ಮಾಡೋ ಶಾರ್ಟ್ ರನ್ ಕಿಟ್‌ಗಳಲ್ಲಿ, ಅವುಗಳಲ್ಲಿ ಪಾರ್ಟ್ ಕೂರಿಸೋಕೆ ಪಿನ್ನೇ ಇರಲ್ಲ, ಪ್ಲಾಸ್ಟಿಕ್ ಅಂಚು ದಪ್ಪ, ಪ್ರತಿಯೊಂದನ್ನೂ ಉಜ್ಜಿ ಹೊಂದಿಸ್ಬೇಕು. ಐದಾರು ಮಾಡೆಲ್ ಕೈಗೆ ಹತ್ತಿದ ಮೇಲೆ ಕೈ ಹಾಕಿ.

ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮಗ ನಂದಾ ಕಾರ್ಯಪ್ಪನವರು ಹಾರಿಸ್ತಿದ್ದ ಹಂಟರ್ ಆದ್ರೆ ಇನ್ನೂ ಸುಲಭ. ಅದೇ 1965ರ ಯುದ್ಧದ ಕೊನೇ ದಿನ, ಸೆಪ್ಟೆಂಬರ್ 22ಕ್ಕೆ, ಅವರ ಹಂಟರ್ ಬಿತ್ತು, ಯುದ್ಧ ಕೈದಿ ಆದ್ರು, ಅಪ್ಪ ಮಗನಿಗೆ ಅಂತ ಸ್ಪೆಷಲ್ ಬಿಡುಗಡೆ ಬೇಡ ಅಂದಿದ್ದು ಇಲ್ಲಿ ಎಲ್ಲರಿಗೂ ಗೊತ್ತಿರೋ ಕಥೆ. ರೆವೆಲ್ ಕಂಪನಿಯ 1/72 (ಇದು ಸ್ಕೇಲ್, ಕೆಳಗೆ ಹೇಳ್ತೀನಿ) ಹಂಟರ್ ಚೆನ್ನಾಗಿ ಕೂರುತ್ತೆ.

ನ್ಯಾಟ್ ಅಂತ ಆಸೆ ಪಡೋರು ಒಂದು ಹುಷಾರು: ಏರ್‌ಫಿಕ್ಸ್‌ನ ಕಡಿಮೆ ಬೆಲೆಯ 1/72 ನ್ಯಾಟ್ ಇದೆಯಲ್ಲ, ಅದು ಎರಡು ಸೀಟಿನ ಟ್ರೈನರ್, ಬ್ರಿಟನ್ನಿನ ರೆಡ್ ಆರೋಸ್ ಏರ್ ಶೋ ಟೀಮಿನದ್ದು. ನಮ್ಮವರು 65ರಲ್ಲಿ ಹಾರಿಸಿದ್ದು ಒಂದೇ ಸೀಟಿನ ಫೈಟರ್. ಬಾಕ್ಸ್ ಚಿತ್ರ ನೋಡ್ದೆ ಹೆಸರು ಮಾತ್ರ ನೋಡಿ ಆರ್ಡರ್ ಮಾಡಿ ಆಮೇಲೆ ತಲೆ ಚಚ್ಕೋಬೇಡಿ.

ನಾನು ಹೊಸಬರಿಗೆ ಹೇಳೋದು ಹಾಕರ್ ಹರಿಕೇನ್, ಎರಡನೇ ಮಹಾಯುದ್ಧದ ಬ್ರಿಟಿಷ್ ಫೈಟರ್. ಕಾರಣ ಎರಡು. ಅದು ಬಾಲದ ಮೇಲೆ ಕೂರೋ ವಿಮಾನ, ಮೂತಿಗೆ ಭಾರ ತುಂಬೋ ತಲೆನೋವಿಲ್ಲ, ರೆಕ್ಕೆ ದಪ್ಪ, ಚಕ್ರದ ಕಾಲು ಗಟ್ಟಿ. ಎರಡನೇದು, ಇದೇ ನಂಬರ್ 1 ಸ್ಕ್ವಾಡ್ರನ್, ದೇವಯ್ಯನವರದ್ದು, 1944ರಲ್ಲಿ ಬರ್ಮಾ ಗಡಿ ಕಡೆಯ ಇಂಫಾಲಲ್ಲಿ ಹರಿಕೇನ್ ಹಾರಿಸ್ತಿತ್ತು, ಆಗ ಅದರ ಕಮಾಂಡರ್ ಮುಂದೆ ವಾಯುಪಡೆ ಮುಖ್ಯಸ್ಥರಾದ ಅರ್ಜನ್ ಸಿಂಗ್. ಹರಿಕೇನ್ ಕಟ್ಟಿದ್ರೆ ಮುಂದೆ ಮಿಸ್ಟೇರ್ ಪಕ್ಕಕ್ಕೆ ಇಡಬಹುದು, ಒಂದೇ ಮನೆತನದ ಅಜ್ಜ ಮೊಮ್ಮಗ ಇದ್ದ ಹಾಗೆ. ಇಂಫಾಲ್ ವಿಮಾನ ಬೇಕಾದ್ರೆ ಬಾಕ್ಸ್ ಮೇಲೆ ಮಾರ್ಕ್ ಟೂ ಸಿ ಅಂತ ಇರ್ಬೇಕು, ರೆಕ್ಕೆಗೆ ನಾಲ್ಕು 20 ಎಂಎಂ ಕ್ಯಾನನ್ ಇರೋದು. ಆರ್ಮಾ ಹಾಬಿ ಕಂಪನಿಯದ್ದು ಸೊಗಸಾಗಿದೆ, ಆದ್ರೆ ಸಣ್ಣ ಸಣ್ಣ ಪಾರ್ಟ್ ಜಾಸ್ತಿ. ಕೈ ಪಳಗಿಸೋಕೆ ಏರ್‌ಫಿಕ್ಸ್‌ನ ಮಾರ್ಕ್ ಒನ್ ಸಾಕು.

ಸ್ಕೇಲ್ ವಿಷಯ ಬೇಗ ಮುಗಿಸ್ತೀನಿ. 1/72 ಅಂದ್ರೆ ನಿಜವಾದ ವಿಮಾನವನ್ನ 72 ಭಾಗ ಮಾಡಿದ್ರೆ ಒಂದು ಭಾಗ. ಹರಿಕೇನ್ ರೆಕ್ಕೆ 12.19 ಮೀಟರ್, ಮಾಡೆಲಲ್ಲಿ 17 ಸೆಂಟಿಮೀಟರ್ ಹತ್ತಿರ. 1/48ರಲ್ಲಿ 25 ಸೆಂಟಿಮೀಟರ್ ದಾಟುತ್ತೆ. ಮನೇಲಿ ಜಾಗ ಇದ್ದು ಕಣ್ಣು ಸ್ವಲ್ಪ ವೀಕ್ ಇದ್ರೆ 1/48 ತಗೊಳ್ಳಿ, ಇಲ್ಲಾಂದ್ರೆ 1/72.

ಮೇ ತಿಂಗಳು: ಸಾಮಾನು ಕೂಡಿಸೋದು

ಮಳೆ ಶುರುವಾಗೋ ಮೊದಲೇ ತರಿಸ್ಕೊಳ್ಳಿ. ತೋಟದ ಮನೆಗೆ ಕೊರಿಯರ್ ಬರಲ್ಲ, ಗೋಣಿಕೊಪ್ಪಲಿಗೋ ಮಡಿಕೇರಿಗೋ ಬಂದು ಕೂತಿರುತ್ತೆ, ನಾವೇ ಹೋಗಿ ತರ್ಬೇಕು, ಜುಲೈಯಲ್ಲಿ ರಸ್ತೆ ಮೇಲೆ ಮರ ಬಿದ್ದಿದ್ರೆ ಅದೂ ಇಲ್ಲ.

ಬೇಕೇಬೇಕಾಗಿರೋದು ಇಷ್ಟು. ಒಂದು ಒಳ್ಳೆ ಸೈಡ್ ಕಟರ್, ಪಾರ್ಟ್‌ಗಳನ್ನ ಫ್ರೇಮಿಂದ ಕತ್ತರಿಸೋಕೆ. ಕಾಫಿ ಗಿಡ ಕಸಿ ಮಾಡೋ ಕತ್ತರಿ ತಂದು ಕತ್ತರಿಸ್ಬೇಡಿ, ಪ್ಲಾಸ್ಟಿಕ್ ಸೀಳಿ ಬಿಳಿ ಆಗುತ್ತೆ, ಉಗುರು ಕತ್ತರಿಸೋ ನೇಲ್ ಕಟರ್ ಅದಕ್ಕಿಂತ ಎಷ್ಟೋ ವಾಸಿ. ಹಾಬಿ ನೈಫ್, 11ನೇ ನಂಬರ್ ಬ್ಲೇಡು, ಬ್ಲೇಡ್ ಜಾಸ್ತಿ ಇಟ್ಕೊಳ್ಳಿ, ಮೊಂಡಾದ ಬ್ಲೇಡೇ ಕೈ ಕೊಯ್ಯೋದು. ವಾಟರ್ ಪೇಪರ್ 400, 800, 1000, 2000, ಇದಕ್ಕೆ ಹಾಬಿ ಅಂಗಡಿಗೆ ದುಡ್ಡು ಸುರೀಬೇಡಿ, ಗಾಡಿ ಡೆಂಟಿಂಗ್ ಪೇಂಟಿಂಗ್ ಸಾಮಾನು ಮಾರೋ ಅಂಗಡಿಲಿ ಹಾಳೆ ಲೆಕ್ಕದಲ್ಲಿ ಸಿಗುತ್ತೆ, ಐಸ್‌ಕ್ರೀಮ್ ಕಡ್ಡಿಗೆ ಅಂಟಿಸ್ಕೊಂಡ್ರೆ ಸ್ಯಾಂಡಿಂಗ್ ಸ್ಟಿಕ್ ರೆಡಿ. ಚಿಮ್ಮಟ ಒಂದು. ಟಮಿಯಾ ಮಾಸ್ಕಿಂಗ್ ಟೇಪು, ಇದರಲ್ಲಿ ಮಾತ್ರ ಕಂಜೂಸ್ ಮಾಡ್ಬೇಡಿ, ಲೋಕಲ್ ಬ್ರೌನ್ ಟೇಪು ಕೀಳುವಾಗ ಪೇಂಟನ್ನೂ ಕಿತ್ಕೊಂಡು ಬರುತ್ತೆ.

ಅಂಟಲ್ಲಿ ಮೂರು ಜಾತಿ, ಮೂರಕ್ಕೂ ಬೇರೆ ಬೇರೆ ಕೆಲಸ. ಟಮಿಯಾ ಎಕ್ಸ್‌ಟ್ರಾ ಥಿನ್ ತರದ ತೆಳು ಸಿಮೆಂಟು ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುತ್ತೆ, ನಿಜವಾದ ಕೆಲಸ ಇದರದ್ದೇ. ಸೂಪರ್ ಗ್ಲೂ ಲೋಹದ ಪಾರ್ಟಿಗೆ ಮಾತ್ರ. ಫೆವಿಕಾಲ್ ಕಾಕ್‌ಪಿಟ್ ಗಾಜಿಗೆ. ಸೂಪರ್ ಗ್ಲೂ ಗಟ್ಟಿ ಆಗೋದೇ ಗಾಳಿಲಿರೋ ತೇವದಿಂದ, ಆದ್ರಿಂದ ನಮ್ಮ ಮಳೆಗಾಲದಲ್ಲಿ ಅದು ಹಚ್ಚಿ ಕಣ್ಣು ಮಿಟುಕಿಸೋದ್ರೊಳಗೆ ಹಿಡ್ಕೊಳ್ಳುತ್ತೆ, ಅದರ ಹೊಗೆ ಹತ್ತಿರದ ಗಾಜಿನ ಮೇಲೆ ಕೂತು ಮಂಜು ಕಟ್ಟುತ್ತೆ. ಗಾಜಿಗೆ ಸೂಪರ್ ಗ್ಲೂ ಹಚ್ಚೋ ತಪ್ಪು ಎಲ್ಲರೂ ಒಂದ್ಸಲ ಮಾಡ್ತಾರೆ, ನೀವು ಮಾಡ್ಬೇಡಿ.

ಇನ್ನೊಂದು, ಬೇರೆ ಊರವರ ಲಿಸ್ಟಲ್ಲಿ ಇರಲ್ಲ: ಒಂದು ಸಣ್ಣ ಹೈಗ್ರೋಮೀಟರ್. ಕಾಫಿ ಬೀಜ ಮೂಟೆ ಕಟ್ಟೋ ಮೊದಲು ಮಾಯಿಶ್ಚರ್ ಹತ್ತು ಹನ್ನೊಂದಕ್ಕೆ ಬಂದಿದೆಯಾ ಅಂತ ಮೀಟರ್ ಇಟ್ಟು ನೋಡ್ತೀವಲ್ಲ, ಹಾಗೇ ಪೇಂಟ್ ಡಬ್ಬ ತೆಗೆಯೋ ಮೊದಲು ರೂಮಿನ ಮಾಯಿಶ್ಚರ್ ನೋಡೋಕೆ. ಮೀಟರ್ 65 ಪರ್ಸೆಂಟ್ ದಾಟಿದ್ರೆ ನಾನು ಸ್ಪ್ರೇ ಮುಟ್ಟಲ್ಲ.

ಜೂನ್ ಜುಲೈ: ಕತ್ತರಿಸೋದು, ತೊಳೆಯೋದು, ಅಂಟಿಲ್ಲದೆ ಹೊಂದಿಸೋದು

ಬಾಕ್ಸ್ ತೆಗೆದ ತಕ್ಷಣ ಕತ್ತರಿಸೋಕೆ ಕೂರ್ಬೇಡಿ. ಎಲ್ಲಾ ಫ್ರೇಮ್‌ಗಳನ್ನ ಪಾತ್ರೆ ತೊಳೆಯೋ ಸೋಪಿನ ಉಗುರು ಬೆಚ್ಚಗಿನ ನೀರಲ್ಲಿ ಹಳೇ ಟೂತ್‌ಬ್ರಷಲ್ಲಿ ಉಜ್ಜಿ ತೊಳೀರಿ. ಅಚ್ಚಿಂದ ಬಿಡಿಸೋಕೆ ಫ್ಯಾಕ್ಟರಿಲಿ ಎಣ್ಣೆ ತರದ್ದು ಹಾಕಿರ್ತಾರೆ, ಅದಿದ್ರೆ ಪೇಂಟ್ ಕೂರಲ್ಲ. ತೊಳೆದು ಫ್ಯಾನ್ ಕೆಳಗೆ ಇಡಿ. ಒಲೆ ಮೇಲಿನ ಅಟ್ಟಕ್ಕೆ ಮಾತ್ರ ಇಡ್ಬೇಡಿ! ನಮ್ಮನೇಲಿ ಹಂದಿ ಮಾಂಸ ಒಣಗೋ ಜಾಗದಲ್ಲಿ ರೆಕ್ಕೆ ಒಣಗಲ್ವಾ ಅಂತ ಇಟ್ಟಿದ್ದೆ, ಬೆಳಿಗ್ಗೆ ನೋಡಿದ್ರೆ ಹಪ್ಪಳದ ಹಾಗೆ ಸೊಟ್ಟ ಆಗಿತ್ತು, ಮೇಲೆ ಹೊಗೆ ವಾಸನೆ ಬೇರೆ. ಹೇರ್ ಡ್ರೈಯರ್ ಕೂಡ ಹತ್ತಿರ ಹಿಡಿದ್ರೆ ಇದೇ ಗತಿ.

ಪಾರ್ಟ್ ಕತ್ತರಿಸೋದು ಎರಡು ಸಲ. ಮೊದಲು ಪಾರ್ಟಿಂದ ಸ್ವಲ್ಪ ದೂರದಲ್ಲಿ ಕಟರ್ ಹಾಕಿ ಬಿಡಿಸಿ, ಆಮೇಲೆ ಉಳಿದ ಚೂರನ್ನ ಬ್ಲೇಡಲ್ಲಿ ತೆಗೆದು 400ರಲ್ಲಿ ಉಜ್ಜಿ. ಒಂದೇ ಸಲಕ್ಕೆ ಹತ್ತಿರ ಕತ್ತರಿಸಿದ್ರೆ ಪಾರ್ಟ್ ಮೈ ಕಿತ್ಕೊಂಡು ಗುಳಿ ಬೀಳುತ್ತೆ. ಮ್ಯಾನ್ಯುಯಲ್ಲಲ್ಲಿ ಆ ಸ್ಟೆಪ್ಪಿಗೆ ಬೇಕಾಗಿರೋದನ್ನ ಮಾತ್ರ ಕತ್ತರಿಸಿ, ಎಲ್ಲಾ ಒಟ್ಟಿಗೆ ಕತ್ತರಿಸಿ ತಟ್ಟೆಗೆ ಹಾಕಿದ್ರೆ ಅದು ಪಾರ್ಟ್ ನಂಬರ್ ಇಲ್ಲದ ಅವಲಕ್ಕಿ. ನೆಲಕ್ಕೆ ಬಿದ್ದಿದ್ದು ಸಿಗಲ್ಲ ಅಂತಲೇ ತಿಳ್ಕೊಳ್ಳಿ, ರೆಡ್ ಆಕ್ಸೈಡ್ ನೆಲದ ಮೇಲೆ ಬೂದು ಬಣ್ಣದ ಪಾರ್ಟ್ ಎದ್ದು ಕಾಣುತ್ತೆ ಅಂದ್ಕೊಂಡಿದ್ದೆ, ಕಾಣಲ್ಲ. ಮಡಿಲ ಮೇಲೆ ಒಂದು ಹಳೇ ಟವಲ್ ಹಾಕಿ ಅದರ ಇನ್ನೊಂದು ತುದಿನ ಮೇಜಿಗೆ ಟೇಪ್ ಮಾಡಿ.

ಅಂಟು ಹಾಕೋ ಮೊದಲು ಪ್ರತಿ ಜೋಡಿಯನ್ನೂ ಹಾಗೇ ಒಂದ್ಸಲ ಹೊಂದಿಸಿ ನೋಡಿ. ಸಂದು ಇದ್ರೆ ಎಲ್ಲಿ ತಾಗ್ತಿದೆ ಹುಡುಕಿ, ಹೆಚ್ಚಾಗಿ ಒಳಗಿರೋ ಯಾವುದೋ ಸಣ್ಣ ಪಿನ್ ಗುರುತೋ ಅಂಚಿನ ಚೂರೋ ತಡೀತಿರುತ್ತೆ, ಅದನ್ನ ಉಜ್ಜಿದ್ರೆ ಟಕ್ ಅಂತ ಕೂರುತ್ತೆ. ತೆಳು ಸಿಮೆಂಟ್ ಹಾಕೋ ಕ್ರಮ ಹೀಗೆ: ಎರಡು ಭಾಗ ಜೋಡಿಸಿ ಹಿಡ್ಕೊಂಡು, ಬ್ರಷಿನ ತುದಿನ ಸಂದಿಗೆ ಬರೀ ತಾಗಿಸಿ, ಅಂಟು ತಾನಾಗೇ ಸಂದಿಯೊಳಗೆ ಹರ್ಕೊಂಡು ಹೋಗುತ್ತೆ, ಬತ್ತಿಗೆ ಎಣ್ಣೆ ಏರಿದ ಹಾಗೆ. ಆದ್ರೆ ನಿಮ್ಮ ಬೆರಳು ಆ ಸಂದಿ ಮೇಲಿದ್ರೆ ಬೆರಳ ಕೆಳಗೂ ಹರಿಯುತ್ತೆ, ನಿಮ್ಮ ಹೆಬ್ಬೆಟ್ಟಿನ ಗುರುತು ರೆಕ್ಕೆ ಮೇಲೆ ರಿಜಿಸ್ಟರ್ ಆಗುತ್ತೆ. ಮಳೆ ಅಂತ ಕಿಟಕಿ ಎಲ್ಲಾ ಮುಚ್ಕೊಂಡು ಈ ಅಂಟಿನ ಕೆಲಸ ಮಾಡ್ಬೇಡಿ, ತಲೆ ಸುತ್ತುತ್ತೆ, ಒಂದು ಕಿಟಕಿ ಆದ್ರೂ ತೆಗೆದಿರಿ.

ಕಕ್ಕಡ: ಕಾಕ್‌ಪಿಟ್

ಇಡೀ ಮಾಡೆಲಲ್ಲಿ ನನಗೆ ಇಷ್ಟದ ಕೆಲಸ ಇದು. ಕಕ್ಕಡದಲ್ಲಿ, ಅಂದ್ರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದ ತನಕ, ಹೊರಗೆ ಕಾಲಿಟ್ರೆ ಜಿಗಣೆ, ಒಳಗಿದ್ರೆ ಕರೆಂಟ್ ಇಲ್ಲ, ಮದ್ದು ಸೊಪ್ಪಿನ ಪಾಯಸ ತಿಂದ್ಕೊಂಡು ಎಮರ್ಜೆನ್ಸಿ ಲೈಟ್ ಹಾಕ್ಕೊಂಡು ಹೆಬ್ಬೆರಳಿನಷ್ಟು ಜಾಗಕ್ಕೆ ಬಣ್ಣ ಹಚ್ತಾ ಕೂತ್ರೆ ಮಧ್ಯಾಹ್ನ ಹೋಗಿದ್ದೇ ಗೊತ್ತಾಗಲ್ಲ. ಪೇಂಟ್ ಚಳಿಗಾಲಕ್ಕೆ ಅಂದೆ, ಆದ್ರೆ ಇದು ಬ್ರಷ್ಷಿನ ಕೆಲಸ, ಇದಕ್ಕೆ ವಿನಾಯಿತಿ. ವಲ್ಲೇಹೋ ತರದ ನೀರಿನ ಪೇಂಟು ಸಾಕು, ಒಂದು ಕೋಟು ಹಚ್ಚಿ ಮರುದಿನ ಇನ್ನೊಂದು.

ಬ್ರಿಟಿಷ್ ವಿಮಾನದ ಒಳಗಿನ ಬಣ್ಣ ಬೂದು ಮಿಶ್ರಿತ ಹಸಿರು, ಹಂಬ್ರಾಲ್ ಕಂಪನಿ ಪೇಂಟಲ್ಲಿ 78ನೇ ನಂಬರು. ಅದನ್ನ ಹಚ್ಚಿ ಒಣಗಿದ ಮೇಲೆ ಕಪ್ಪು ಕಂದು ಪೇಂಟನ್ನ ಟೀ ಡಿಕಾಕ್ಷನ್ ತರ ನೀರು ಮಾಡಿ ಮೂಲೆಗಳಿಗೆ ಬಿಡಿ, ತಗ್ಗಲ್ಲಿ ಕೂತು ನೆರಳು ಕೊಡುತ್ತೆ. ಅದೂ ಒಣಗಿದ ಮೇಲೆ ಡ್ರೈ ಬ್ರಷ್: ಬ್ರಷ್ಷಿಗೆ ತಿಳಿ ಹಸಿರು ಮುಟ್ಟಿಸಿ, ಬಟ್ಟೆಗೆ ಒರೆಸಿ ಒರೆಸಿ ಪೇಂಟೇ ಇಲ್ಲವೇನೋ ಅನ್ನೋ ತನಕ ಒರೆಸಿ, ಆಮೇಲೆ ಉಬ್ಬಿರೋ ಭಾಗದ ಮೇಲೆ ಮೆಲ್ಲಗೆ ಸವರಿ. ಇದ್ದಕ್ಕಿದ್ದ ಹಾಗೆ ಪೈಪು, ಸ್ವಿಚ್ಚು ಎಲ್ಲಾ ಎದ್ದು ನಿಲ್ಲುತ್ತೆ. ಸೀಟ್ ಬೆಲ್ಟ್ ಕಿಟ್ಟಲ್ಲಿ ಇಲ್ದಿದ್ರೆ ಮಾಸ್ಕಿಂಗ್ ಟೇಪನ್ನ ಒಂದು ಮಿಲಿಮೀಟರ್ ಪಟ್ಟಿ ಕತ್ತರಿಸಿ ಮಾಡಿ. ಮೀಟರ್‌ಗಳ ಗಾಜಿಗೆ ಟೂತ್‌ಪಿಕ್ ತುದಿಲಿ ಒಂದೊಂದು ಹನಿ ಗ್ಲಾಸಿ (ಹೊಳಪಿನ) ವಾರ್ನಿಷ್ ಇಡಿ, ಬೆಳಕು ಬಿದ್ರೆ ಮಿಣ್ ಅನ್ನುತ್ತೆ. ಗಾಜು ಮುಚ್ಚಿದ ಮೇಲೆ ಇದರಲ್ಲಿ ಅರ್ಧಕ್ಕರ್ಧ ಕಾಣಲ್ಲ, ಅದು ಬೇರೆ ಮಾತು. ಬಂದವರಿಗೆ ಟಾರ್ಚ್ ಹಾಕಿ ತೋರಿಸ್ತೀನಿ ನಾನು.

ಹಂಟರ್, ನ್ಯಾಟ್ ತರದ ಮೂತಿ ಚಕ್ರದ ಜೆಟ್ ಕಟ್ತಾ ಇದ್ರೆ ದೇಹದ ಎರಡು ಭಾಗ ಮುಚ್ಚೋ ಮೊದಲು ಮೂತಿಗೆ ಭಾರ ಹಾಕ್ಬೇಕು, ಇಲ್ಲಾಂದ್ರೆ ಬಾಲ ಊರಿ ಕೂರುತ್ತೆ. ನಮ್ಮ ಮನೆಗಳಲ್ಲಿ ಏರ್‌ಗನ್ ಪೆಲೆಟ್ ಎಲ್ಲಿ ಹುಡುಕಿದ್ರೂ ಸಿಗುತ್ತೆ, ಅಲ್ವಾ, ಹತ್ತು ಹದಿನೈದು ಹಾಕಿ. ಆದ್ರೆ ಸೀಸವನ್ನ ಫೆವಿಕಾಲಲ್ಲಿ ಅಂಟಿಸ್ಬೇಡಿ, ಆ ಅಂಟಿನ ಆಮ್ಲಕ್ಕೆ ಸೀಸ ನಿಧಾನಕ್ಕೆ ಬಿಳಿ ಪುಡಿಯಾಗಿ ಉಬ್ಬಿ ಕೆಲವು ವರ್ಷದಲ್ಲಿ ಮೂತಿಯನ್ನೇ ಒಡೆಯುತ್ತೆ. ಎಪಾಕ್ಸಿ ಹಾಕಿ. ಸೀಸ ಮುಟ್ಟಿದ ಕೈ ತೊಳ್ಕೊಳ್ಳಿ.

ಸೆಪ್ಟೆಂಬರ್: ಮುಚ್ಚಿ ಉಜ್ಜೋದು

ದೇಹದ ಎರಡು ಹೋಳು ಸೇರಿದ ಗೆರೆ, ಅದೇ ಸೀಮ್. ನಿಜವಾದ ವಿಮಾನದಲ್ಲಿ ಅಲ್ಲಿ ಗೆರೆ ಇರಲ್ಲ, ಹಾಗಾಗಿ ಅದು ಕಂಡ್ರೆ ಆಟದ ಸಾಮಾನಿನ ಹಾಗೆ ಕಾಣುತ್ತೆ. ಅಂಟು ಹಾಕಿ ಒತ್ತಿದಾಗ ಕರಗಿದ ಪ್ಲಾಸ್ಟಿಕ್ ಸ್ವಲ್ಪ ಉಕ್ಕಿ ಹೊರಗೆ ಬರ್ಬೇಕು, ಎರಡು ದಿನ ಬಿಟ್ಟು ಅದನ್ನ 400, 800, 1000 ಹೀಗೆ ನೀರು ಮುಟ್ಟಿಸ್ಕೊಂಡು ಉಜ್ಜಿ. ಗುಳಿ ಉಳಿದಿದ್ರೆ ಪುಟ್ಟಿ ಹಚ್ಚಿ ಮತ್ತೆ ಉಜ್ಜಿ. ಕಣ್ಣಿಗೆ ಸರಿ ಅನ್ಸಿದ್ರೂ ಉಗುರು ಎಳೆದು ನೋಡಿ, ಉಗುರಿಗೆ ತಾಗಿದ್ರೆ ಪೇಂಟ್ ಮೇಲೂ ಕಾಣುತ್ತೆ.

ಹರಿಕೇನಲ್ಲಿ ಒಂದು ವಿಶೇಷ ಇದೆ. ಅದರ ಮುಂಭಾಗಕ್ಕೆ ಲೋಹದ ತಗಡು, ಆದ್ರೆ ಪೈಲಟ್ ಹಿಂದಿನ ದೇಹ ಎಲ್ಲಾ ಮರದ ಪಟ್ಟಿ ಮೇಲೆ ಎಳೆದು ಕಟ್ಟಿದ ಬಟ್ಟೆ. ಕಿಟ್ಟಲ್ಲಿ ಆ ಪಟ್ಟಿಗಳ ಉಬ್ಬು ಚೆನ್ನಾಗಿ ಕೊಟ್ಟಿರ್ತಾರೆ, ಉಜ್ಜೋ ಭರದಲ್ಲಿ ಅದನ್ನ ನುಣ್ಣಗೆ ಮಾಡ್ಬೇಡಿ. ಇದು ಮುಂದೆ ವೆದರಿಂಗಲ್ಲೂ (ಹಳೇದಾದ ಹಾಗೆ ಕಾಣಿಸೋ ಕೆಲಸ) ಬರುತ್ತೆ, ನೆನಪಿರಲಿ.

ಕೈಲ್ ಮುಹೂರ್ತಕ್ಕೆ ಕೋವಿ ಕತ್ತಿ ಎಲ್ಲಾ ಪೂಜೆಗೆ ಇಡ್ತೀವಲ್ಲ, ಹೋದ ವರ್ಷ ಬಣ್ಣ ಹಚ್ಚದ ಬೂದು ಹರಿಕೇನನ್ನೂ ಪಕ್ಕದಲ್ಲಿಟ್ಟಿದ್ದೆ, ಯಾರೂ ಬೇಡ ಅನ್ನಲಿಲ್ಲ, ಅತ್ತೆ ಅದಕ್ಕೂ ಒಂದು ತೋಕ್ ಪೂ (ಕೋವಿಗೆ ಇಡೋ ಹೂವು) ಇಟ್ರು.

ಹುತ್ತರಿ ಆದ್ಮೇಲೆ: ಪೇಂಟು

ಡಿಸೆಂಬರ್ ಬಂತು, ಆಕಾಶ ನೀಲಿ, ಕಣದಲ್ಲಿ ಕಾಫಿ ಒಣಗ್ತಾ ಇರುತ್ತೆ, ಇದೇ ಟೈಮು. ಬೆಳಿಗ್ಗೆ ಮಂಜು ಬಿಡೋ ತನಕ ಕಾಯಿರಿ, ಹನ್ನೊಂದರಿಂದ ನಾಲ್ಕರ ಒಳಗೆ ಸ್ಪ್ರೇ ಕೆಲಸ ಮುಗಿಸಿ. ಕಣದ ಪಕ್ಕ ಮಾತ್ರ ಬೇಡ, ಕಾಫಿ ಹರವೋ ಧೂಳೆಲ್ಲಾ ಹಸಿ ಪೇಂಟ್ ಮೇಲೆ. ಮಳೆಗಾಲದಲ್ಲೇ ಸ್ಪ್ರೇ ಮಾಡದೇ ವಿಧಿ ಇಲ್ಲ ಅಂದ್ರೆ ಕುಶಾಲನಗರದ ಕಡೆ ನೆಂಟರಿದ್ರೆ ಅಲ್ಲಿಗೆ ಕಟ್ಕೊಂಡು ಹೋಗಿ, ಬೆಟ್ಟ ಇಳಿದ್ರೆ ಮಳೆ ಎಷ್ಟೋ ಕಡಿಮೆ. ನಾನು ಹಾಗೆ ಮಾಡಿದ್ದೀನಿ, ಚಿಕ್ಕಪ್ಪನ ಮನೆ ತಾರಸಿ ಮೇಲೆ.

ಮೊದಲು ಕಾಕ್‌ಪಿಟ್ ಗಾಜನ್ನ ಮಾಸ್ಕ್ ಮಾಡಿ. ಗಾಜಿನ ಪ್ರತಿ ಚೌಕಕ್ಕೂ ಟೇಪ್ ಅಂಟಿಸಿ, ಟೂತ್‌ಪಿಕ್ಕಲ್ಲಿ ಅಂಚಿಗೆ ಒತ್ತಿ, ಅಂಚಿನ ಗೆರೆ ಕಂಡ ಕಡೆ ಹೊಸ ಬ್ಲೇಡಲ್ಲಿ ಒಂದೇ ಎಳೆತಕ್ಕೆ ಕತ್ತರಿಸಿ. ಹರಿಕೇನ್ ಗಾಜು ಚೌಕ ಚೌಕ ಜಾಸ್ತಿ, ಒಂದು ಸಂಜೆ ಪೂರ್ತಿ ಇದಕ್ಕೇ ಹೋಗುತ್ತೆ. ಸೋಮಾರಿಗಳಿಗೆ ಕತ್ತರಿಸಿಟ್ಟ ಮಾಸ್ಕ್ ಸೆಟ್ಟೇ ಸಿಗುತ್ತೆ, ನಾನೂ ಈಗೀಗ ಸೋಮಾರಿ.

ಆಮೇಲೆ ಬೂದು ಪ್ರೈಮರ್, ತೆಳುವಾಗಿ. ಪ್ರೈಮರ್ ಹೊಡೆದಾಗ ಉಜ್ಜದೆ ಬಿಟ್ಟ ಸೀಮ್ ಎಲ್ಲಾ ಹಲ್ಲು ಕಿರಿಯುತ್ತೆ, ಅಲ್ಲೇ ಸರಿ ಮಾಡಿ. ನಂತರ ತಿಳಿ ಬಣ್ಣದಿಂದ ಗಾಢಕ್ಕೆ: ಕೆಳಗಡೆ ಮೀಡಿಯಂ ಸೀ ಗ್ರೇ, ಮೇಲೆ ಮೊದಲು ಡಾರ್ಕ್ ಅರ್ಥ್, ಅದರ ಮೇಲೆ ಡಾರ್ಕ್ ಗ್ರೀನ್. ಇದು ಬರ್ಮಾ ಕಡೆಯ ವಿಮಾನದ ಬಣ್ಣ. ಟಮಿಯಾದಲ್ಲಿ ಎಕ್ಸ್‌ಎಫ್-83, ಎಕ್ಸ್‌ಎಫ್-52, ಎಕ್ಸ್‌ಎಫ್-81. ಏರ್‌ಬ್ರಷ್ ಇದ್ರೆ 0.3 ಎಂಎಂ ನೀಡಲ್, ಗಾಳಿ ಒತ್ತಡ 15 ರಿಂದ 20 ಪಿಎಸ್‌ಐ, ಪೇಂಟು ಹಾಲಿನಷ್ಟು ತೆಳು. ಕ್ಯಾಮಫ್ಲಾಜ್ ಅಂಚಿಗೆ ಬ್ಲೂ ಟ್ಯಾಕ್ ಅಂಟನ್ನ ಹಾವಿನ ಹಾಗೆ ಹೊಸೆದು ಗೆರೆ ಮೇಲೆ ಇಟ್ಟು ಸ್ಪ್ರೇ ಮಾಡಿದ್ರೆ ಅಂಚು ಸ್ವಲ್ಪ ಮೃದುವಾಗಿ ಬರುತ್ತೆ. ಏರ್‌ಬ್ರಷ್ ಇಲ್ಲಾಂದ್ರೆ ಚಿಂತೆ ಇಲ್ಲ, ಅಗಲ ಮೃದು ಬ್ರಷಲ್ಲಿ ನೀರು ಪೇಂಟಿನ ಮೂರು ತೆಳು ಕೋಟು, ಒಂದು ಕೋಟು ಉದ್ದಕ್ಕೆ ಒಂದು ಅಡ್ಡಕ್ಕೆ. ದಪ್ಪ ಪೇಂಟು ಒಂದೇ ಕೋಟಲ್ಲಿ ಮುಗಿಸೋಕೆ ನೋಡೋರು ಸುಣ್ಣ ಬಳಿಯೋ ಕೆಲಸಕ್ಕೆ ಹೋಗ್ಬಹುದು.

ಬ್ಲಶ್ ಆದ್ರೆ ಏನು ಮಾಡೋದು? ಅಳ್ಬೇಡಿ. ಒಣ ಬಿಸಿಲಿನ ದಿನ ಅದರ ಮೇಲೇ ಒಂದು ಗ್ಲಾಸಿ ಕೋಟ್ ಹೊಡೀರಿ, ಎಷ್ಟೋ ಸಲ ಬಿಳಿ ಮಾಯ ಆಗುತ್ತೆ. ನನ್ನ ಜುಲೈ ವಿಮಾನ ಜನವರಿಲಿ ಹಾಗೇ ಬದುಕಿದ್ದು.

ಡೆಕಾಲ್, ಮತ್ತೆ ಆ ಕೆಂಪು ಚುಕ್ಕೆ

ಹೆಚ್ಚಿನ ಕಿಟ್‌ಗಳಲ್ಲಿ ಬರೋದು ಇಂಗ್ಲೆಂಡಿನ ರೌಂಡೆಲ್ (ವಿಮಾನದ ಮೇಲಿನ ದುಂಡು ಗುರುತು), ನಡುವಲ್ಲಿ ಕೆಂಪು. ಬರ್ಮಾ ಕಡೆ ಹಾರಿದ ವಿಮಾನಕ್ಕೆ ಅದು ತಪ್ಪು. ಜಪಾನಿನವರ ಗುರುತೇ ಕೆಂಪು ಸೂರ್ಯ ಆಗಿದ್ದರಿಂದ ದೂರದಿಂದ ಕೆಂಪು ಕಂಡ್ರೆ ನಮ್ಮವರೇ ನಮ್ಮವರಿಗೆ ಹೊಡೆಯೋ ಅಪಾಯ, ಅದಕ್ಕೆ ಆ ಕಡೆ ಕೆಂಪನ್ನೇ ತೆಗೆದು ಗಾಢ ನೀಲಿ ಸುತ್ತು, ನಡುವೆ ತಿಳಿ ನೀಲಿ ಮಾಡಿದ್ರು. ಮಾರ್ಕೆಟ್ಟಲ್ಲಿ ಬೇರೆ ಡೆಕಾಲ್ ಶೀಟ್ ಸಿಗುತ್ತೆ, ಸಿಗದಿದ್ರೆ ನಾನು ಮಾಡೋದು ಹೀಗೆ: ಮಾಸ್ಕಿಂಗ್ ಟೇಪನ್ನ ಬಟರ್ ಪೇಪರ್ ಮೇಲೆ ಅಂಟಿಸಿ ಆಫೀಸಿನ ಪಂಚಿಂಗ್ ಮೆಷಿನಲ್ಲಿ ಒತ್ತಿ ದೊಡ್ಡ ತೂತು, ಚಪ್ಪಲಿ ಹೊಲಿಯೋರ ಹತ್ರ ಇರೋ ಪಂಚಲ್ಲಿ ಸಣ್ಣ ತೂತು. ದೊಡ್ಡ ತೂತಲ್ಲಿ ಗಾಢ ನೀಲಿ, ಒಣಗಿದ ಮೇಲೆ ಸಣ್ಣ ತೂತನ್ನ ನಡುವೆ ಇಟ್ಟು ತಿಳಿ ನೀಲಿ. ಅಳತೆ ಆ ಕಾಲದ ಫೋಟೋ ನೋಡಿ ಹೊಂದಿಸ್ಕೊಳ್ಳಿ.

ಡೆಕಾಲ್ ಹಾಕೋ ಮೊದಲು ಗ್ಲಾಸಿ ವಾರ್ನಿಷ್ ಕಡ್ಡಾಯ. ಮ್ಯಾಟ್ ಮೇಲೆ ಹಾಕಿದ್ರೆ ಕೆಳಗೆ ಗಾಳಿ ಸಿಕ್ಕಿ ಬೆಳ್ಳಿ ತರ ಹೊಳೆಯುತ್ತೆ. ಉಗುರು ಬೆಚ್ಚಗಿನ ನೀರಲ್ಲಿ ಹದಿನೈದು ಸೆಕೆಂಡ್ ಅದ್ದಿ ಟಿಶ್ಯೂ ಮೇಲಿಡಿ, ಒಂದು ನಿಮಿಷ ಕಾಯಿರಿ, ಕಾಗದದಿಂದ ಜಾರ್ತಾ ಇದೆ ಅಂದಾಗ ಒದ್ದೆ ಬ್ರಷಲ್ಲಿ ಜಾರಿಸಿ ಜಾಗಕ್ಕೆ ಕೂರಿಸಿ. ಡೆಕಾಲ್ ಕೂರಿಸೋ ದ್ರವಗಳಲ್ಲಿ ಮೈಕ್ರೋ ಸೆಟ್ ಕೆಳಗೆ, ಮೈಕ್ರೋ ಸಾಲ್ ಮೇಲೆ. ಸಾಲ್ ಹಾಕಿದ ಮೇಲೆ ಡೆಕಾಲ್ ಮುದುಡಿ ಸುಕ್ಕಾಗುತ್ತೆ, ಕೈ ಹಾಕಿ ಸರಿ ಮಾಡೋಕೆ ಹೋಗ್ಬೇಡಿ, ತಾನಾಗೇ ಇಳಿದು ಮೈಗೆ ಅಂಟ್ಕೊಳ್ಳುತ್ತೆ. ಬಾಕ್ಸಲ್ಲಿ ಉಳಿದ ಡೆಕಾಲನ್ನ ಹಾಗೇ ಬಿಟ್ರೆ ಮುಂದಿನ ಮಳೆಗಾಲಕ್ಕೆ ಬೂಷ್ಟು ಖಂಡಿತ, ಜಿಪ್ ಕವರಲ್ಲಿ ಸಿಲಿಕಾ ಜೆಲ್ ಹಾಕಿಡಿ.

ಹಳೇದು ಮಾಡೋದು

ಇಲ್ಲಿ ಎಲ್ಲರೂ ಅತಿ ಮಾಡ್ತಾರೆ. ಬೆಳ್ಳಿ ಪೇಂಟನ್ನ ಸ್ಪಾಂಜಲ್ಲಿ ಒತ್ತಿ ಒತ್ತಿ ಪೇಂಟ್ ಕಿತ್ತು ತಗಡು ಕಂಡ ಹಾಗೆ ಮಾಡೋದು ಚೆನ್ನಾಗೇ ಕಾಣುತ್ತೆ, ಆದ್ರೆ ಹರಿಕೇನ್ ಹಿಂಭಾಗ ಬಟ್ಟೆ ಅಂದೆನಲ್ಲ, ಬಟ್ಟೆ ಕೆಳಗೆ ಬೆಳ್ಳಿ ತಗಡು ಎಲ್ಲಿಂದ ಬರುತ್ತೆ? ರೆಕ್ಕೆಯ ಬೇರಲ್ಲಿ ಪೈಲಟ್ ಹತ್ತಿ ಇಳಿಯೋ ಕಡೆ, ಎಂಜಿನ್ ಮುಚ್ಚಳದ ಅಂಚಲ್ಲಿ, ಅಷ್ಟೇ. ಎಕ್ಸಾಸ್ಟ್ ಹೊಗೆ ಗುರುತಿಗೆ ಚಾಕ್ ಪೇಸ್ಟಲ್ ಉಜ್ಜಿದ ಪುಡಿ ಸಾಕು, ಬೂದು ಕಂದು, ಗಾಳಿ ಹೋಗೋ ದಿಕ್ಕಿಗೆ. ಚಕ್ರಕ್ಕೆ ಮಣ್ಣು ಬೇಕಂದ್ರೆ ನಮ್ಮ ತೋಟದ ಕೆಮ್ಮಣ್ಣನ್ನೇ ಸೋಸಿ ಹಚ್ಚೋ ಆಸೆ ಆಗುತ್ತೆ, ನಾನೂ ಹಚ್ಚಿದ್ದೆ, ನೋಡಿದವರು "ಇದು ಸೋಮವಾರಪೇಟೆಲಿ ಲ್ಯಾಂಡ್ ಆಗಿತ್ತಾ" ಅಂದ್ರು.

ಬಣ್ಣ, ರಿವೆಟ್, ಎಣ್ಣೆ ಕಲೆ ನಿಜವಾಗ್ಲೂ ಹೇಗಿರುತ್ತೆ ನೋಡ್ಬೇಕಂದ್ರೆ ಬೆಂಗಳೂರಿಗೆ ಹೋದಾಗ ಎಚ್‌ಎಎಲ್ ಮ್ಯೂಸಿಯಂಗೆ ಅರ್ಧ ದಿನ ಇಡಿ, ಮಾರುತ್, ಮಿಗ್-21 ಎಲ್ಲಾ ಹತ್ತಿರದಿಂದ ನೋಡ್ಬಹುದು. ಇಡೀ ವಿಮಾನದ ಫೋಟೋ ಎಲ್ಲರೂ ತೆಗೀತಾರೆ, ನೀವು ಚಕ್ರದ ಗೂಡಿನ ಒಳಗೆ, ರೆಕ್ಕೆ ಬೇರು, ಟೈರು, ಇವುಗಳದ್ದು ತೆಗೀರಿ, ಮಾಡೆಲ್ ಮಾಡುವಾಗ ಬೇಕಾಗೋದು ಅದೇ.

ಕೊನೇ ತಂತಿ, ಮತ್ತೆ ಇಡೋ ಜಾಗ

ಹರಿಕೇನ್ ಬೆನ್ನ ಮೇಲಿನ ಕಂಬದಿಂದ ಬಾಲಕ್ಕೆ ಏರಿಯಲ್ (ರೇಡಿಯೋ ಆಂಟೆನಾ) ತಂತಿ ಇದ್ದ ವಿಮಾನ ಆರಿಸ್ಕೊಂಡಿದ್ರೆ ಅದನ್ನ ಕಿಟ್ಟಿನ ಫ್ರೇಮಿಂದಲೇ ಮಾಡ್ಬಹುದು. ಫ್ರೇಮಿನ ಒಂದು ಗೇಣು ತುಂಡನ್ನ ಮೇಣದ ಬತ್ತಿ ಮೇಲೆ ತಾಗದ ಹಾಗೆ ಹಿಡಿದು ತಿರುಗಿಸ್ತಾ ಇರಿ, ಮಧ್ಯ ಮೆತ್ತಗಾಗಿ ಬಾಗೋಕೆ ಶುರುವಾದ ಕೂಡ್ಲೇ ಬೆಂಕಿಯಿಂದ ತೆಗೆದು ಎರಡೂ ಕಡೆ ಎಳೀರಿ, ಬೆಲ್ಲದ ಪಾಕ ಎಳೆ ಬಂದ ಹಾಗೆ ಕೂದಲೆಳೆ ಬರುತ್ತೆ. ಬೆಂಕಿ ಮೇಲಿಟ್ಕೊಂಡೇ ಎಳೆದ್ರೆ ತುಂಡಾಗುತ್ತೆ. ಒಂದು ಹನಿ ಫೆವಿಕಾಲಲ್ಲಿ ಎರಡು ತುದಿ ಅಂಟಿಸಿ.

ಇಡೋದು ಗಾಜಿನ ಬಾಗಿಲಿನ ಕಪಾಟಲ್ಲಿ. ನಮ್ಮನೇಲಿ ಹಳೇ ಮರದ ಕಪಾಟಿಗೆ ಕೆಳಗಡೆ ಒಂದು ಝೀರೋ ಕ್ಯಾಂಡಲ್ ಬಲ್ಬ್ ಹಾಕಿದ್ದೀನಿ, ಹಳೇ ಕಾಲದ ಬಿಸಿಯಾಗೋ ಬಲ್ಬೇ ಆಗ್ಬೇಕು, ಎಲ್‌ಇಡಿ ಹಾಕಿದ್ರೆ ಬೆಳಕು ಬರುತ್ತೆ ಬಿಸಿ ಬರಲ್ಲ. ಮಳೆಗಾಲ ಪೂರ್ತಿ ಅದು ಉರೀತಾ ಇರುತ್ತೆ, ಹೈಗ್ರೋಮೀಟರ್ ಒಳಗೆ 50 ತೋರಿಸುತ್ತೆ, ಹೊರಗೆ 90 ದಾಟಿರುತ್ತೆ. ಮೊದಲ ವರ್ಷ ಬಲ್ಬ್ ಇರಲಿಲ್ಲ, ಆಗಸ್ಟಲ್ಲಿ ಬಾಗಿಲು ತೆಗೆದ್ರೆ ಟೈರ್‌ಗಳ ಮೇಲೆ ಬಿಳಿ ಬೂಷ್ಟು. ಅದನ್ನ ಒಣ ಬ್ರಷಲ್ಲಿ ಹೊರಗಡೆ ಹೋಗಿ ಒರೆಸಿ, ಒದ್ದೆ ಬಟ್ಟೆ ಬೇಡ. ಧೂಳು ಒರೆಸೋ ಕೆಲಸ ನೀವೇ ಇಟ್ಕೊಳ್ಳಿ, ನಮ್ಮನೇಲಿ ಆ ಏರಿಯಲ್ ತಂತಿ ಇಲ್ಲೀವರೆಗೆ ನಾಲ್ಕು ಸಲ ಹೊಸದು ಹಾಕಿದ್ದೀನಿ, ಪ್ರತಿ ಸಲ ಜೇಡರ ಬಲೆ ಅಂದ್ಕೊಂಡು ಯಾರೋ ಒರೆಸಿಬಿಡ್ತಾರೆ.